ನಮ್ಮ ಮನೆಯ ಮದುವೆಗೆ ನಾವು ಊದುವುದಿಲ್ಲ

...ಅಥವಾ ಆ ಸ್ವರ ಒಡೆಯಲೇ ಇಲ್ಲವೇನೋ. ಒಡೆಯಿತು ಎಂದು ನಾವೆಲ್ಲ ಆಮೇಲೆ ಮಾತಾಡಿ ಮಾತಾಡಿ ಒಪ್ಪಿಕೊಂಡೆವೋ ಏನೋ. ನನ್ನ ಫೋನಿನಲ್ಲಿ ನಾನೇ ಹಿಡಿದ ವಿಡಿಯೋ ಇದೆ, ನಾಲ್ಕು ನಿಮಿಷಕ್ಕಿಂತ ತುಸು ಹೆಚ್ಚು. ಅದರಲ್ಲಿ ಜನರೇಟರಿನ ಸದ್ದಿದೆ, ಯಾರೋ ಮಗುವನ್ನು ಗದರುವುದಿದೆ, ಸೋದರತ್ತೆ ಅಳುವುದಿದೆ, ಎಲ್ಲದರ ನಡುವೆ ಅಪ್ಪನ ಕ್ಲಾರಿನೆಟ್ ಇದೆ. ಮೂರನೆಯ ನಿಮಿಷ ಮುಗಿಯುವ ಹೊತ್ತಿಗೆ ಕ್ಲಾರಿನೆಟ್ ನಿಲ್ಲುತ್ತದೆ. ನಿಂತಲ್ಲಿ ಬರೀ ಉಸಿರು ಕೇಳುತ್ತದೆ, ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗೆ. ಆಮೇಲೆ ಅದೇ ಸ್ವರ ಸ್ವಲ್ಪ ಇಳಿದು ಮತ್ತೆ ಬರುತ್ತದೆ. ಇಷ್ಟೇ. ನನ್ನ ನೆನಪಿನಲ್ಲಾದರೋ ಆ ಸ್ವರ ಮೊದಲು ನಡುಗುತ್ತದೆ, ನಂತರ ಚೀರಿದಂತೆ ಮೇಲಕ್ಕೆ ಹೋಗಿ ಒಡೆಯುತ್ತದೆ, ಆಮೇಲೆ ನಿಲ್ಲುತ್ತದೆ. ಚೀರಿದ್ದು ವಿಡಿಯೋದಲ್ಲಿ ಇಲ್ಲ. ಎಷ್ಟು ಸಲ ಕೇಳಿದರೂ ಇಲ್ಲ. ಫೋನಿನ ಪುಟ್ಟ ತೂತಿಗೆ ಬೀಳದ ಸದ್ದುಗಳಿರಬಹುದು. ನನಗೆ ಬೇಕಾಗಿ ನಾನು ಸೇರಿಸಿಕೊಂಡ ಸದ್ದೂ ಇರಬಹುದು.

ನಡೆದದ್ದು ಎರಡು ವರ್ಷದ ಹಿಂದೆ, ಹುಮನಾಬಾದಿನ ಒಂದು ಫಂಕ್ಷನ್ ಹಾಲಿನ ಅಂಗಳದಲ್ಲಿ, ನನ್ನ ತಂಗಿಯನ್ನು ಗಂಡನ ಮನೆಗೆ ಕಳಿಸಿಕೊಡುವಾಗ. ಅಪ್ಪ ಅಂದು ಊದಬಾರದಿತ್ತು. ಯಾಕೆ ಊದಬಾರದಿತ್ತು ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಅದರ ಮಟ್ಟಿಗೆ ನನ್ನನ್ನು ನಂಬಬಹುದು, ಅದು ನೆನಪಲ್ಲ, ನಮ್ಮ ಮನೆಯ ನಿಯಮ.

ಅಪ್ಪ ಹುಮನಾಬಾದಿನ ಒಂದು ಮದುವೆ ಬ್ಯಾಂಡಿನಲ್ಲಿ ಮೂವತ್ತು ವರ್ಷ ಕ್ಲಾರಿನೆಟ್ ಊದಿದವನು. ಅಜ್ಜ ಮುಡಬಿಯಲ್ಲಿ ಹಲಗೆ ಬಡಿಯುತ್ತಿದ್ದ. ಬಡಿಯುವುದಿಲ್ಲ ಎನ್ನುವ ಹಾಗಿರಲಿಲ್ಲ. ಊರಿನ ಸಾವಿಗೂ ಹಬ್ಬಕ್ಕೂ ನಮ್ಮ ಓಣಿಯವರೇ ಬಡಿಯಬೇಕು, ದೊಡ್ಡವರ ಹೊಸ್ತಿಲಿನ ಹೊರಗೆ ನಿಂತು ಬಡಿಯಬೇಕು. ಓಣಿಯಲ್ಲಿ ಬುದ್ಧ ವಿಹಾರ ಎದ್ದ ಮೇಲೆ ಜನ ಒಬ್ಬೊಬ್ಬರಾಗಿ ಹಲಗೆ ಬಿಟ್ಟರು. ಅಜ್ಜ ತನ್ನ ಹಲಗೆಯನ್ನು ಒಲೆಗೆ ಹಾಕಿದನೆಂದು ಅಪ್ಪ ಹೇಳುತ್ತಾನೆ. ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಅದು ಸುಳ್ಳು, ಬೇರೆ ಊರಿನವರಿಗೆ ಮಾರಿದ ಎನ್ನುತ್ತಾಳೆ. ಅಪ್ಪ ಕೂಲಿಗೆಂದು ಹುಮನಾಬಾದಿಗೆ ಬಂದ. ಹಗಲೆಲ್ಲ ಹಮಾಲಿ ಮಾಡಿ ಸಂಜೆ ಬ್ಯಾಂಡಿನ ಅಂಗಡಿಯ ಮುಂದೆ ಕೂತು ಕ್ಲಾರಿನೆಟ್ ಕಲಿತ. ಬ್ಯಾಂಡಿಗೆ ಕೆಂಪು ಅಂಗಿ ಇತ್ತು, ಹೆಗಲ ಮೇಲೆ ಹಳದಿ ಜಾಲರಿ ಇತ್ತು. ಬೇಕಾದವರು ಬಂದು ಕರೆಯಬೇಕಿತ್ತು, ಒಲ್ಲೆ ಎನ್ನಿಸಿದರೆ ಒಲ್ಲೆ ಎನ್ನಬಹುದಿತ್ತು. ಅಪ್ಪನಿಗೆ ಆ ಒಲ್ಲೆ ಎನ್ನಬಹುದಾದದ್ದೇ ದೊಡ್ಡದಾಗಿತ್ತು ಎಂದು ನಾನು ಊಹಿಸುತ್ತೇನೆ. ಅವನು ಹಾಗೆ ಎಂದೂ ಹೇಳಿಲ್ಲ.

ಆ ಬ್ಯಾಂಡಿನವರ ನಿಯಮ ಇದು: ನಮ್ಮ ಮನೆಯ ಮದುವೆಗೆ ನಾವು ಊದುವುದಿಲ್ಲ. ನಮ್ಮ ಮನೆಯಲ್ಲಿ ಮದುವೆಯಾದರೆ ಬೇರೆ ಊರಿನ ಬ್ಯಾಂಡಿನವರು ಬಂದು ಊದುತ್ತಾರೆ, ಏನೂ ತೆಗೆದುಕೊಳ್ಳುವುದಿಲ್ಲ. ಅವರ ಮನೆಯಲ್ಲಿ ಮದುವೆಯಾದಾಗ ನಮ್ಮವರು ಹೋಗುತ್ತಾರೆ. ವರ್ಷವೆಲ್ಲ ಕಂಡವರ ಬಾಗಿಲಲ್ಲಿ ನಿಂತು ಊದುವವನು ಆ ಒಂದು ದಿನ ರುಮಾಲು ಸುತ್ತಿಕೊಂಡು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂಡುತ್ತಾನೆ. ಅವನಿಗಾಗಿ ಇನ್ನೊಬ್ಬರು ನಿಂತು ಊದುತ್ತಾರೆ. "ಆ ದಿನ ನಾ ಮಾಲಕ" ಎನ್ನುತ್ತಿದ್ದ ಅಪ್ಪ. ನಗುತ್ತ ಹೇಳುತ್ತಿರಲಿಲ್ಲ.

ನಮ್ಮ ಕಡೆಯ ಮದುವೆಗಳಲ್ಲಿ ಬ್ಯಾಂಡಿನ ಬೆಲೆ ತಿಳಿಯುವುದು ಮೆರವಣಿಗೆಯಲ್ಲಿ ಅಲ್ಲ, ಹೆಣ್ಣು ಒಪ್ಪಿಸುವ ಹೊತ್ತಿನಲ್ಲಿ. ಬ್ಯಾಂಡಿನವರು ಅದನ್ನು ಬಿದಾಯಿ ಎನ್ನುತ್ತಾರೆ. ಊಟ ಮುಗಿದು ಬಿಸಿಲು ಇಳಿಯುವಾಗ ಹೂ ಸುತ್ತಿದ ಗಾಡಿ ಬಾಗಿಲಿಗೆ ಬಂದು ನಿಲ್ಲುತ್ತದೆ. ಡೋಲು, ತಾಶೆ ಎಲ್ಲ ನಿಲ್ಲುತ್ತವೆ. ಒಂದು ಕ್ಲಾರಿನೆಟ್ ಮಾತ್ರ ಉಳಿಯುತ್ತದೆ. ಊದುವವನು ಮದುಮಗಳ ಎದುರು ನಿಂತು, ಗಾಡಿಯ ಬಾಗಿಲ ತನಕ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಹೋಗುತ್ತಾನೆ. ಮಾತಿಲ್ಲದ ಒಂದು ಹಳೆಯ ಧಾಟಿ ಅದು. ಹೆಂಗಸರು ಅದಕ್ಕಾಗಿಯೇ ಕಾಯುತ್ತಾರೆ, ಸೆರಗು ಆಗಲೇ ಕೈಯಲ್ಲಿರುತ್ತದೆ. ಕಣ್ಣು ಒದ್ದೆಯಾದರೆ ಬ್ಯಾಂಡ್ ಛಲೋ. ಸುತ್ತಿನ ಹಳ್ಳಿಗಳಲ್ಲಿ ಅಪ್ಪನನ್ನು ಕೇಳಿಕೊಂಡು ಬರುತ್ತಿದ್ದುದು ಇದಕ್ಕೇ. ಮೆರವಣಿಗೆಗೆ ಬೇರೆ ಯಾರಾದರೂ ಆಗಬಹುದು, ಹೆಣ್ಣು ಒಪ್ಪಿಸುವಾಗ ಮಾತ್ರ ಅವನೇ ಇರಬೇಕು.

ಅದನ್ನು ಅವನು ಹೇಗೆ ಮಾಡುತ್ತಾನೆ ಎಂದು ಒಮ್ಮೆ ನನಗೆ ಹೇಳಿದ್ದ. ನನಗೆ ಹದಿನಾರು ಇರಬೇಕು, ಹದಿನೇಳೂ ಇರಬಹುದು. ನಾನು ರೊಟ್ಟಿ ಬಡಿಯುತ್ತಿದ್ದೆ, ಅವನು ಗೋಡೆಗೆ ಒರಗಿ ಕ್ಲಾರಿನೆಟ್ಟಿನ ಗುಂಡಿಗಳಿಗೆ ಎಣ್ಣೆ ಹಚ್ಚುತ್ತಿದ್ದ.

"ಹುಡುಗಿ ಕಡಿ ನೋಡಬಾರ್ದು" ಅಂದ. "ತಾಯಿ ಕಡಿ ನೋಡಬೇಕು. ತಾಯಿ ಅತ್ತಳಂದ್ರ ಎಲ್ಲಾರೂ ಅಳ್ತಾರ. ಸ್ವರ ಹಿಡಕೊಂಡು ನಿಂದರಬೇಕು, ಆಕಿ ಉಸಿರು ತಗೊಳ್ಳೂ ಹೊತ್ತಿಗೆ ಬಿಡಬೇಕು."

ನನಗೆ ಮೋಸ ಹೋದ ಹಾಗಾಯಿತು. ಅಷ್ಟು ವರ್ಷ ಅಪ್ಪನ ಸ್ವರಕ್ಕೆ ನಾನೂ ಅತ್ತಿದ್ದೆ, ಗುರುತಿಲ್ಲದ ಹುಡುಗಿಯರಿಗಾಗಿ ಅತ್ತಿದ್ದೆ. ಹಾಗಾದರೆ ನಿನಗೆ ಏನೂ ಅನಿಸುವುದಿಲ್ಲವೇ ಎಂದು ಕೇಳಿದೆ.

"ಅನಿಸಿದ್ರ ತುಟಿ ನಡಗ್ತದ" ಅಂದ. "ತುಟಿ ನಡಗಿದ್ರ ಸ್ವರ ಒಡೀತದ. ಮಂದಿ ಅಳಬೇಕಂದ್ರ ನಾ ಅಳಬಾರ್ದು."

ಈ ಮಾತು ನನಗೆ ಸ್ಪಷ್ಟವಾಗಿ ನೆನಪಿದೆ. ಸ್ಪಷ್ಟವಾಗಿರುವುದರಿಂದಲೇ ಅದರ ಮೇಲೆ ಅನುಮಾನ. ರೊಟ್ಟಿ, ಎಣ್ಣೆ, ಗೋಡೆ ಎಲ್ಲ ಅಷ್ಟು ಸರಿಯಾಗಿ ಜೋಡಿಸಿಕೊಂಡು ಕೂತಿವೆ. ಅವನು ಬೇರೆ ಬೇರೆ ದಿನ ಅಂದದ್ದನ್ನು ನಾನು ಒಂದೇ ಮಧ್ಯಾಹ್ನಕ್ಕೆ ತಂದಿರಬಹುದು. ಆದರೆ ತುಟಿಯ ಮಾತು ಅವನದೇ. ಅಂಥದ್ದನ್ನು ನಾನು ಹುಟ್ಟಿಸಲಾರೆ, ನಾನು ಎಂದೂ ಕ್ಲಾರಿನೆಟ್ ಬಾಯಿಗೆ ಇಟ್ಟವಳಲ್ಲ.

ನನ್ನ ಮದುವೆಯಾದದ್ದು ಹದಿನಾಲ್ಕು ವರ್ಷದ ಹಿಂದೆ. ಕಲ್ಯಾಣಕ್ಕೆ ಕೊಟ್ಟರು. ಬಸವಕಲ್ಯಾಣವನ್ನು ನಾವು ಕಲ್ಯಾಣ ಎಂದಷ್ಟೇ ಅನ್ನುವುದು. ನಿಯಮದ ಪ್ರಕಾರ ಕಲ್ಯಾಣದ ಬ್ಯಾಂಡಿನವರು ಬಂದು ಊದಿದರು. ಅವರ ಕ್ಲಾರಿನೆಟ್ಟಿನವರನ್ನು ಎಲ್ಲರೂ ಉಸ್ತಾದರು ಎಂದೇ ಕರೆಯುತ್ತಿದ್ದರು. ತೆಳ್ಳಗಿನ ಆಳು, ಉದ್ದ ಬೆರಳು. ಒಂದೇ ಉಸಿರಿಗೆ ಹುಮನಾಬಾದಿನಿಂದ ಕಲ್ಯಾಣ ಮುಟ್ಟುತ್ತಾರೆ ಎಂದು ಬ್ಯಾಂಡಿನವರು ಅವರ ಬಗ್ಗೆ ಹೇಳಿಕೊಂಡು ನಗುತ್ತಿದ್ದರು. ಅಪ್ಪ ರುಮಾಲು ಸುತ್ತಿಕೊಂಡು ಅವ್ವನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಅವ್ವ ಆಗ ಇದ್ದಳು.

ಒಪ್ಪಿಸುವ ಹೊತ್ತಿಗೆ ಉಸ್ತಾದರು ನನ್ನ ಎದುರು ಬಂದು ನಿಂತರು. ಮೊದಲು ಆ ಹಳೆಯ ಧಾಟಿಯನ್ನು ಇದ್ದ ಹಾಗೆಯೇ ಊದಿದರು. ಅತ್ತೆ ಸೆರಗು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಅವರು ಅದನ್ನು ಬಿಡಿಸತೊಡಗಿದರು. ಒಂದು ಸಾಲನ್ನು ಎರಡು ಮಾಡಿದರು, ಎರಡನ್ನು ನಾಲ್ಕು ಮಾಡಿದರು. ಕೆಳಗಿನಿಂದ ಮೇಲಕ್ಕೆ ಒಂದೇ ಓಟದಲ್ಲಿ ಹೋಗಿ, ಅಲ್ಲಿ ಇನ್ನು ಜಾಗವೇ ಇಲ್ಲ ಎನ್ನುವಲ್ಲಿ ತಿರುಗಿ, ಬಂದ ದಾರಿಯನ್ನು ಬಿಟ್ಟು ಬೇರೆ ದಾರಿಯಿಂದ ಇಳಿದರು. ಹುಡುಗರು ಶೀಟಿ ಹೊಡೆದರು. ಗಂಡಿನ ಗೆಳೆಯರು ಕರವಸ್ತ್ರ ಬೀಸಿದರು. ಅಳಲು ತಯಾರಾಗಿದ್ದ ಹೆಂಗಸರು ಸೆರಗು ಹಿಡಿದುಕೊಂಡೇ ಉಳಿದರು.

ನಾನು ಕೇಳುತ್ತಿದ್ದೆ. ಸುಮ್ಮನೆ ನಿಂತು ಕೇಳುತ್ತಿದ್ದೆ. ಆ ಸ್ವರ ಎಲ್ಲಿ ತಿರುಗುತ್ತದೆ ಎಂದು ಕಾಯುತ್ತಿದ್ದೆ, ಅದು ನಾನು ಎಣಿಸಿದಲ್ಲಿ ತಿರುಗುತ್ತಿರಲಿಲ್ಲ. ಮನೆ ಬಿಟ್ಟು ಹೋಗುತ್ತಿದ್ದೇನೆ ಎನ್ನುವುದು ತಲೆಯಲ್ಲಿ ಇರಲಿಲ್ಲ. ಭಯವೂ ಇರಲಿಲ್ಲ. ಗಾಡಿ ಹತ್ತಿ ಕೂತ ಮೇಲೆ ಅತ್ತೆ ಕಿಟಕಿಯೊಳಗೆ ಕೈ ಹಾಕಿ ನನ್ನ ತೋಳು ಚಿವುಟಿದಳು.

"ಅಳಬೇ. ಮಂದಿ ನೋಡಾಕತ್ತಾರ."

ಅಳು ಬರಲಿಲ್ಲ. ಕಣ್ಣಾಗ ಹನಿ ನೀರಿಲ್ಲದ ಹೋದಾಕಿ ಎಂಬ ಹೆಸರು ಅಂದು ಬಂತು, ಇಂದಿಗೂ ಹೋಗಿಲ್ಲ. ಅತ್ತೆಯ ಪ್ರಕಾರ ತಪ್ಪು ನನ್ನದು. ಓಣಿಯ ಬೇರೆ ಹೆಂಗಸರ ಪ್ರಕಾರ ಉಸ್ತಾದರದ್ದು, ಬೆರಳು ತೋರಿಸುವ ಭರದಲ್ಲಿ ಹೆಣ್ಣನ್ನು ಮರೆತರು. ಬಹಳ ದಿನ ನಾನೂ ಹಾಗೆಯೇ ನಂಬಿದ್ದೆ. ಒಂದು ಸಂಗೀತ ಬೆರಳಿನದು, ಇನ್ನೊಂದು ಎದೆಯದು, ನನ್ನ ಪಾಲಿಗೆ ಬೆರಳಿನದು ಬಂತು, ಎದೆಯದು ಕುರ್ಚಿಯಲ್ಲಿ ಕೂತಿತ್ತು. ಹೇಳಲು ಸುಲಭವಾದ ಮಾತು. ಈಗ ಅದನ್ನು ಬರೆದು ನೋಡಿದರೆ ಒಂದೊಂದು ತುದಿಯೂ ಬಿಚ್ಚಿಕೊಳ್ಳುತ್ತದೆ.

ಮರುದಿನ ಬೆಳಿಗ್ಗೆ ಅಪ್ಪ ಫೋನ್ ಮಾಡಿದ. ಹೇಗಿದ್ದೀ ಎಂದು ಕೇಳಲಿಲ್ಲ. ಗಂಡನ ಮನೆಯವರ ಬಗ್ಗೆ ಕೇಳಲಿಲ್ಲ.

"ಉಸ್ತಾದರ ಆ ಕಡೀ ತಿರುವು ಕೇಳಿದಿ?" ಅಂದ.

ಕೇಳಿದೆ ಅಂದೆ.

"ನನಗ ಈ ಜನ್ಮದಾಗ ಬರಂಗಿಲ್ಲ ಅದು."

ಆ ತಿರುವಿನ ಬಗ್ಗೆಯೇ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ಅಡುಗೆ ಮನೆಯಲ್ಲಿ ಗಂಡನ ಮನೆಯವರು ನನಗಾಗಿ ಕಾಯುತ್ತಿದ್ದರು. ಫೋನ್ ಇಟ್ಟ ಮೇಲೆ ನನಗೆ ಸಿಟ್ಟು ಬಂತು. ಮಗಳನ್ನು ಕಳಿಸಿದ ಮರುದಿನ ಒಬ್ಬ ತಂದೆ ಆಡುವ ಮಾತೇ ಇದು? ಊದದಿದ್ದರೆ ಹೋಗಲಿ, ನಾನು ಹೋಗುವಾಗ ನಿನಗೆ ಏನಾಯಿತು ಎಂಬುದನ್ನಾದರೂ ಹೇಳಬಾರದಿತ್ತೇ? ಅವನ ಮಗಳಾಗಿ ನಾನು ಅವನ ಬಿದಾಯಿ ಕೇಳದೆ ಬಂದೆ. ಸುತ್ತಿನ ಹತ್ತು ಹಳ್ಳಿಯ ಹುಡುಗಿಯರಿಗೆ ಸಿಕ್ಕದ್ದು ನನಗೆ ಸಿಗಲಿಲ್ಲ. ಈ ಸಿಟ್ಟನ್ನು ನಾನು ಎಂದೂ ಅವನಿಗೆ ಹೇಳಿಲ್ಲ.

ಆರು ವರ್ಷದ ನಂತರ ಅವ್ವ ಹೋದಳು. ತಂಗಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತ ಅಪ್ಪನನ್ನು ನೋಡಿಕೊಂಡಳು.

ತಂಗಿಯ ಮದುವೆಗೆ ಒಂದೂವರೆ ವರ್ಷ ಮೊದಲು ಅಪ್ಪ ಹಳ್ಳಿಖೇಡದ ರಸ್ತೆಯಲ್ಲಿ ಬಿದ್ದ. ಸಕ್ಕರೆ ಕಾರ್ಖಾನೆ ನಡೆಯುವ ದಿನಗಳಲ್ಲಿ ಆ ರಸ್ತೆಯ ತುಂಬ ಟ್ರ್ಯಾಕ್ಟರಿನಿಂದ ಬಿದ್ದ ಕಬ್ಬು ಇರುತ್ತದೆ. ಹಿಂದೆ ಕೂತು ಹೋಗುತ್ತಿದ್ದ ಮೋಟಾರ್‌ಸೈಕಲ್ ಅದರ ಮೇಲೆ ಜಾರಿತು. ಕೈಕಾಲಿಗೆ ಏನೂ ಆಗಲಿಲ್ಲ. ಮೇಲಿನ ಮುಂದಿನ ಮೂರು ಹಲ್ಲು ಹೋದವು. ಬೇರೆಯವರಿಗಾದರೆ ಅಷ್ಟೇ ಎನ್ನಬಹುದು. ಕ್ಲಾರಿನೆಟ್ ಊದುವವನು ಮೇಲಿನ ಹಲ್ಲನ್ನು ಅದರ ತುದಿಗೆ ಒತ್ತಿ, ಕೆಳಗಿನ ತುಟಿಯಿಂದ ರೀಡನ್ನು ಹಿಡಿದು ಊದುತ್ತಾನೆ. ಬಿದಿರಿನ ಸೀಳಿನಷ್ಟು ತೆಳ್ಳಗಿನ ಆ ರೀಡು ನಡುಗಿದರೇ ಸ್ವರ. ಕಟ್ಟಿಸಿಕೊಂಡ ಹಲ್ಲು ಊದುವಾಗ ಸರಿಯುತ್ತದೆ. ಅಪ್ಪ ಒಂದು ತಿಂಗಳು ಮನೆಯಲ್ಲಿ ಪ್ರಯತ್ನ ಮಾಡಿದ. ಆಮೇಲೆ ಕ್ಲಾರಿನೆಟ್ಟನ್ನು ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಕಪಾಟಿನ ಮೇಲೆ ಇಟ್ಟ. ಬ್ಯಾಂಡಿನ ಮಾಲಕರು ಒಂದು ಮದುವೆಗಾಲ ಕಾದರು. ಬಳಿಕ ಗಾಡಿಯ ಮೇಲೆ ಕೀಬೋರ್ಡ್ ಇಟ್ಟುಕೊಂಡರು.

ತಂಗಿಯನ್ನು ಮಂಠಾಳಕ್ಕೆ ಕೊಡುವುದೆಂದು ಆಯಿತು. ಮದುವೆಗೆ ಹತ್ತು ದಿನ ಇರುವಾಗ ನಾನು ಹುಮನಾಬಾದಿಗೆ ಹೋಗಿದ್ದೆ. ಅತ್ತೆಯೂ ಇದ್ದಳು. ಕಲ್ಯಾಣದಿಂದ ಅದೇ ಉಸ್ತಾದರು ಬರುತ್ತಾರೆ ಎಂದು ಅಪ್ಪ ಹೇಳಿದ. ತಂಗಿ ಮಶೀನು ತುಳಿಯುವುದನ್ನು ನಿಲ್ಲಿಸಿದಳು.

"ಬಿದಾಯಿ ನೀನೇ ಊದಬೇಕು, ಅಪ್ಪಾ."

ನಮ್ಮ ಮನೆಯ ಮದುವೆಗೆ ನಾವು ಊದುವುದಿಲ್ಲ ಎಂದು ಅಪ್ಪ ಅಂದ. ಗೊತ್ತಿದ್ದ ಮಾತನ್ನು ಇನ್ನೊಮ್ಮೆ ಹೇಳುವ ದನಿಯಲ್ಲಿ ಅಂದ. ಅತ್ತೆ ಎದ್ದು ನಿಂತಳು.

"ಬೀಗರ ಮುಂದ ಬ್ಯಾಂಡಿನವ ಆಗಿ ನಿಂದರ್ತಿ ಏನು, ತಮ್ಮಾ? ನಮ್ಮಪ್ಪ ಹೊಸ್ತಿಲ ಹೊರಗ ನಿಂತಿದ್ದು ಸಾಕಾಗಿಲ್ಲೇನು? ಅದೂ ಆ ಬೋಳು ಬಾಯಿ ತಗೊಂಡು."

"ಅಕ್ಕ ಕಣ್ಣೀರಿಲ್ಲದ ಹೋದಳು" ಅಂದಳು ತಂಗಿ. ನನ್ನ ಕಡೆ ನೋಡಲಿಲ್ಲ. "ನಾ ಹಂಗ ಹೋಗಂಗಿಲ್ಲ. ಅಪ್ಪ ಊದಲಿಲ್ಲಂದ್ರ ಗಾಡಿ ಹತ್ತಂಗಿಲ್ಲ."

ಊದು ಎನ್ನಲು ನನಗೆ ಬಾಯಿ ಬರಲಿಲ್ಲ, ಬೇಡ ಎನ್ನಲೂ ಬರಲಿಲ್ಲ. ತಂಗಿ ಕೇಳಿದ್ದನ್ನು ನಾನು ನನ್ನ ಮದುವೆಯಲ್ಲಿ ಕೇಳಬಹುದಿತ್ತು. ಕೇಳಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ.

ಅಪ್ಪ ಬಹಳ ಹೊತ್ತು ಕಪಾಟಿನ ಮೇಲಿನ ಪೆಟ್ಟಿಗೆ ನೋಡುತ್ತ ಕೂತಿದ್ದ ಎಂದು ಬರೆಯಬಹುದು. ಆದರೆ ಅವನು ಕೂತಿದ್ದು ಬಾಗಿಲ ಕಡೆ ಮುಖ ಮಾಡಿ, ಪೆಟ್ಟಿಗೆ ಅವನ ಬೆನ್ನ ಹಿಂದಿತ್ತು. ಕಡೆಗೆ ಒಂದು ಮಾತು ಅಂದ:

"ಹಲ್ಲಿಲ್ಲದಾವ ಬ್ಯಾಂಡಿನವ ಅಲ್ಲ ಬಿಡು."

ಅದು ಒಪ್ಪಿಗೆಯೋ ನಿರಾಕರಣೆಯೋ ಯಾರಿಗೂ ತಿಳಿಯಲಿಲ್ಲ. ತಂಗಿ ಮತ್ತೆ ಮಶೀನು ತುಳಿದಳು.

ಮದುವೆಯ ದಿನ ವಿಹಾರದ ಹಿರಿಯರು ಬಂದು ಬುದ್ಧ ವಂದನೆ ಹೇಳಿಸಿದರು. ತಂಗಿ ಬಿಳಿ ಸೀರೆ ಉಟ್ಟಿದ್ದಳು. ಅವ್ವ ನಿಲ್ಲಬೇಕಾದ ಕಡೆಯೆಲ್ಲ ಹಿರಿಯ ಮಗಳೆಂದು ನನ್ನನ್ನು ನಿಲ್ಲಿಸಿದರು. ಅಪ್ಪ ಕೇಸರಿ ರುಮಾಲು ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಪೆಟ್ಟಿಗೆ ಅವನ ಕುರ್ಚಿಯ ಕೆಳಗಿತ್ತು. ಅದನ್ನು ಯಾವಾಗ ತಂದ ಎಂದು ನಾನು ನೋಡಿರಲಿಲ್ಲ.

ನಾಲ್ಕು ಗಂಟೆಗೆ ಗಾಡಿ ಬಂದು ನಿಂತಿತು. ಡೋಲು ನಿಂತವು. ಉಸ್ತಾದರ ಗಡ್ಡ ಈಗ ಬೆಳ್ಳಗಾಗಿತ್ತು, ಬೆರಳು ಹಾಗೆಯೇ ಇದ್ದವು. ಅವರು ಧಾಟಿ ಎತ್ತಿ ಒಂದು ಸಾಲು ಊದಿರಬೇಕು, ಅಷ್ಟರಲ್ಲಿ ಅಪ್ಪ ಎದ್ದ. ರುಮಾಲು ತೆಗೆದು ಕುರ್ಚಿಯ ಮೇಲೆ ಇಟ್ಟ. ಪೆಟ್ಟಿಗೆ ತೆರೆದ. ಉಸ್ತಾದರು ಊದುವುದನ್ನು ನಿಲ್ಲಿಸಿ, ಏನೂ ಕೇಳದೆ, ಅಪ್ಪನ ಕ್ಲಾರಿನೆಟ್ಟನ್ನು ಕೈಗೆ ತೆಗೆದುಕೊಂಡು ರೀಡನ್ನು ಹೆಬ್ಬೆರಳಿಂದ ಮುಟ್ಟಿ ನೋಡಿದರು. ಒಂದೂವರೆ ವರ್ಷ ಪೆಟ್ಟಿಗೆಯಲ್ಲಿ ಒಣಗಿದ ರೀಡು. ಅದನ್ನು ಬಿಚ್ಚಿ, ತಮ್ಮ ಜೇಬಿನ ಡಬ್ಬಿಯಿಂದ ಬೇರೊಂದು ತೆಗೆದು, ಬಾಯಲ್ಲಿಟ್ಟು ಒದ್ದೆ ಮಾಡಿ, ತಾವೇ ಕಟ್ಟಿ ಕೊಟ್ಟರು.

"ಇದು ಮೆತ್ತಗದ, ಭಾಯಿ. ಹಲ್ಲು ಒತ್ತೂದು ಬ್ಯಾಡ" ಅಂದರು. ಅಂದು ಬದಿಗೆ ಸರಿದರು.

ನಾನು ಫೋನ್ ಎತ್ತಿ ವಿಡಿಯೋ ಹಿಡಿದೆ. ಯಾಕೆ ಹಿಡಿದೆ? ನೆನಪಿಗೆ ಇರಲಿ ಎಂದು ಹೇಳಬಹುದು. ಕಣ್ಣ ಮುಂದೆ ಏನಾದರೂ ಅಡ್ಡ ಇರಲಿ ಎಂದೂ ಇರಬಹುದು.

ಸ್ವರ ತೆಳ್ಳಗಿತ್ತು. ಮೊದಲಿನ ದಪ್ಪ ಇರಲಿಲ್ಲ, ಗಾಳಿ ಸೋರುತ್ತಿತ್ತು. ಅಪ್ಪ ಧಾಟಿಯನ್ನು ಬರೀ ಎಲುಬಿನ ಹಾಗೆ ಊದಿದ, ಎಲ್ಲಿಯೂ ಎಳೆಯಲಿಲ್ಲ, ಎಳೆಯಲು ಗಟ್ಟಿ ಹಲ್ಲು ಇರಲಿಲ್ಲ. ಹಿಂದೆ ಹಿಂದೆ ಹೆಜ್ಜೆ ಇಡುತ್ತ ಗಾಡಿಯ ಕಡೆ ಹೋದ. ತಂಗಿ ಅವನನ್ನೇ ನೋಡುತ್ತ ಮುಂದೆ ಬಂದಳು. ಆಗ ಗಂಡಿನ ಕಡೆಯ ಒಬ್ಬ ಮುದುಕ, ಮಂಠಾಳದವನು, ಕಣ್ಣು ಮಂಜಾದವನು, ಜನರನ್ನು ಸರಿಸಿಕೊಂಡು ಬಂದ. ಜೇಬಿನಿಂದ ಒಂದು ನೋಟು ತೆಗೆದು ತಂಗಿಯ ತಲೆಯ ಸುತ್ತ ನಿವಾಳಿಸಿದ. ಎಲ್ಲ ಮದುವೆಯಲ್ಲೂ ಮಾಡುವ ಹಾಗೆ ಅದನ್ನು ಊದುವವನ ಜೇಬಿಗೆ ತುರುಕಿದ. ರುಮಾಲಿಲ್ಲದ ಅಪ್ಪ ಅವನಿಗೆ ಬ್ಯಾಂಡಿನವನಾಗಿಯೇ ಕಂಡ. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಬಿದಾಯಿ ಚೆನ್ನಾಗಿತ್ತು, ಅವನಿಗೆ ಅಳು ಬಂದಿತ್ತು, ನೋಟು ಕೊಟ್ಟ.

ಸ್ವರ ಒಡೆದದ್ದು ಆ ಹೊತ್ತಿಗೆ. ಆ ಹೊತ್ತಿಗೆ ಎಂದರೆ ನೋಟು ಜೇಬಿಗೆ ಹೋಗುವ ಮೊದಲೋ, ಹೋದ ಮೇಲೋ ಹೇಳಲಾರೆ. ವಿಡಿಯೋದಲ್ಲಿ ಮುದುಕನ ಕೈ ಒಂದು ಬದಿಯಿಂದ ಬರುವುದು ಕಾಣುತ್ತದೆ. ಅಲ್ಲಿಗೆ ನನ್ನ ಫೋನ್ ಕೆಳಗೆ ಇಳಿದಿದೆ. ಮುಂದೆ ನನ್ನ ಚಪ್ಪಲಿ ಇದೆ, ನೆಲದ ಮೇಲೆ ಹೂವಿನ ಎಸಳು ಇವೆ. ಆ ಎಸಳುಗಳ ಮೇಲೆಯೇ ಸ್ವರ ನಿಲ್ಲುತ್ತದೆ, ಉಸಿರು ಕೇಳುತ್ತದೆ, ಸ್ವರ ಮತ್ತೆ ಬರುತ್ತದೆ. ಆ ಉಸಿರಿನ ಜಾಗದಲ್ಲಿ ಅಂಗಳದ ಹೆಂಗಸರೆಲ್ಲ ಒಮ್ಮೆಗೇ ಅತ್ತರು. ಅದು ಸ್ಪಷ್ಟವಾಗಿ ಕೇಳುತ್ತದೆ. ತಂಗಿ ಅಪ್ಪನ ಕೊರಳಿಗೆ ಬಿದ್ದು ಅತ್ತಳು, ಆಮೇಲೆ ಗಾಡಿ ಹತ್ತಿದಳು.

ಆಮೇಲಿನ ಒಂದು ಚಿತ್ರ ನನ್ನಲ್ಲಿದೆ, ಅದಕ್ಕೆ ಸಾಕ್ಷಿ ಇಲ್ಲ. ಉಸ್ತಾದರ ಉದ್ದ ಬೆರಳು ಅಪ್ಪನ ಜೇಬಿನಿಂದ ಆ ನೋಟನ್ನು ತೆಗೆದು, ತಮ್ಮ ಟೋಪಿಯ ಅಂಚಿಗೆ ಸಿಕ್ಕಿಸಿಕೊಂಡದ್ದು. ಅದು ಬ್ಯಾಂಡಿಗೆ ಸೇರಿದ್ದು, ಮದುವೆಯ ಮಾಲಕನಿಗಲ್ಲ ಎಂದು ಎಲ್ಲರಿಗೂ ಕಾಣುವ ಹಾಗೆ. ತಂಗಿ ತಾನು ಅಂಥದ್ದೇನೂ ನೋಡಲಿಲ್ಲ ಎನ್ನುತ್ತಾಳೆ. ಅತ್ತೆ ನೋಟನ್ನು ತಾನೇ ತೆಗೆದು ಎಸೆದೆ ಎನ್ನುತ್ತಾಳೆ. ಅಪ್ಪನನ್ನು ಕೇಳಿದರೆ ಯಾವ ನೋಟು ಎನ್ನುತ್ತಾನೆ.

ಗಾಡಿ ಹೋದ ಮೇಲೆ ಉಸ್ತಾದರು ಕ್ಲಾರಿನೆಟ್ ಬಿಚ್ಚಿ ಒರೆಸುತ್ತಿದ್ದರು. ನಾನು ಹತ್ತಿರ ಹೋಗಿ, ಅಪ್ಪ ಆ ಸ್ವರವನ್ನು ಬೇಕೆಂದೇ ಬಿಟ್ಟನೇ ಎಂದು ಕೇಳಿದೆ.

"ಬೇಕಂತ ಬಿಡಾಕ ಬರ್ತಿದ್ರ ನಾ ಎಂದೋ ಬಿಡ್ತಿದ್ದೆ, ಬೇಟಿ" ಅಂದರು. "ಇಷ್ಟು ವರ್ಷ ಆತು, ನೋಡಾಕತ್ತೇನಿ. ನನ್ನ ಸ್ವರ ಒಡೀವಲ್ದು."

ನನ್ನ ಮದುವೆಯ ಬಿದಾಯಿ ನೆನಪಿದೆಯೇ ಎಂದು ಕೇಳಿದೆ. ಅದಕ್ಕೆ ನಾನು ಅಳಲಿಲ್ಲ ಎಂದೂ ಹೇಳಿದೆ. ಅವರು ಕೆಲಸ ನಿಲ್ಲಿಸಲಿಲ್ಲ.

"ಅದು ನಿನಗ ಊದಿದ್ದಲ್ಲ. ನಿಮ್ಮಪ್ಪಗ ಊದಿದ್ದು. ರುಮಾಲು ಸುತ್ಕೊಂಡು ಕುಂತಿದ್ದ, ಕೈ ಕಟ್ಟಿ ಹಾಕಿದಂಗ. ಮಗಳು ಹೊಂಟಾಳ, ಊದಾಕ ಬರಂಗಿಲ್ಲ. ಅವನ ಕಿವಿಗರೆ ಏನರೆ ಕೊಡಬೇಕಲ್ಲ ಅಂತ ಊದಿದೆ."

ಓಣಿಯ ಹೆಂಗಸರು ಬರೀ ಬೆರಳು ಎಂದದ್ದನ್ನು ಅಪ್ಪ ಹಾಗಾದರೆ ಏನೆಂದು ಕೇಳಿಸಿಕೊಂಡಿದ್ದ? ಮರುದಿನ ಫೋನಿನಲ್ಲಿ 'ಆ ತಿರುವು ಕೇಳಿದಿ?' ಎಂದು ಕೇಳಿದಾಗ ಅವನು ನನಗೆ ಏನು ಹೇಳುತ್ತಿದ್ದ? ಉಸ್ತಾದರು ಹೀಗೆ ಹೇಳಿದ ಮೇಲೆ ಎಲ್ಲ ಸರಿಹೋಯಿತು ಎಂದು ಇಲ್ಲಿಗೆ ನಿಲ್ಲಿಸಬಹುದಿತ್ತು. ಒಮ್ಮೆ ಹಾಗೆ ಬರೆದು ಮುಗಿಸಿದ್ದೆ ಕೂಡ, ಓದಿದರೆ ಸುಳ್ಳು ಎನಿಸಿತು. ಮದುವೆ ಮುಗಿದ ಅಂಗಳದಲ್ಲಿ ಒಬ್ಬ ವಯಸ್ಸಾದವರು ಗೆಳೆಯನ ಮಗಳಿಗೆ ಒಳ್ಳೆಯ ಮಾತು ಹೇಳುವುದು ಸಹಜ. ಹನ್ನೆರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ ಅವರಿಗೆ ಅಷ್ಟು ನೆನಪಿತ್ತೇ? ಅವರು ಆ ಹಂಗಾಮಿನಲ್ಲಿ ಎಷ್ಟು ಮದುವೆಗೆ ಊದಿದ್ದರೋ.

ಆ ಸಂಜೆ ಅಪ್ಪ ಹಲ್ಲಿನ ಸೆಟ್ಟನ್ನು ತೆಗೆದು ಸ್ಟೀಲ್ ಲೋಟದ ನೀರಿನಲ್ಲಿ ಹಾಕುವಾಗ ಕೇಳಿದೆ. ಹಲ್ಲು ಸರಿಯಿತು ಅಂದ. ದೀಪಾವಳಿಗೆ ಹೋದಾಗ ಮತ್ತೆ ಕೇಳಿದೆ. ಉಸ್ತಾದರ ರೀಡು ಬಹಳ ಮೆತ್ತಗಿತ್ತು, ತಡೆಯಲಿಲ್ಲ ಅಂದ. ಎರಡೂ ನಿಜ ಇರಬಹುದು. ಮೆತ್ತಗಿನ ರೀಡಿನಲ್ಲಿ ಸ್ವರ ಇಳಿಯುತ್ತದೆ, ವಿಡಿಯೋದಲ್ಲಿ ಇಳಿದೇ ಬಂದಿದೆ. ಹಾಗಿದ್ದರೆ ಅಂದು ಅಂಗಳದ ತುಂಬ ಜನ ಒಂದು ರೀಡಿಗೆ ಅತ್ತರು. ನೋಟಿನಿಂದ ಒಡೆದಿದ್ದರೆ ಅಪ್ಪನಿಗಾದ ಅವಮಾನವನ್ನು ಜನ ಮಗಳ ಮೇಲಿನ ಪ್ರೀತಿ ಎಂದು ತಿಳಿದು ಅತ್ತರು. ತುಟಿ ನಡುಗಿ ಒಡೆದಿದ್ದರೆ, ಅಪ್ಪನ ಲೆಕ್ಕದಲ್ಲಿ ಅದು ಅವನು ಊದಿದ್ದರಲ್ಲೇ ಕೆಟ್ಟ ಬಿದಾಯಿ. ಅಳುವ ಜನರಿಗೆ ಇದರಲ್ಲಿ ಯಾವುದೂ ಬೇಕಿರಲಿಲ್ಲ. ಅವರಿಗೆ ಏನೋ ಮುಟ್ಟಿತು. ಅಪ್ಪ ಕಳಿಸಿದ್ದೇ ಮುಟ್ಟಿತೇ ಎಂದು ಕೇಳುವವಳು ನಾನೊಬ್ಬಳೇ.

ಕಲ್ಯಾಣದ ನನ್ನ ಮನೆಯಲ್ಲಿ, ಮಕ್ಕಳು ಶಾಲೆಗೆ ಹೋದ ಮೇಲೆ, ಆ ವಿಡಿಯೋವನ್ನು ಸದ್ದು ತೆಗೆದು ನೋಡಿದ್ದೇನೆ. ಸದ್ದಿಲ್ಲದಾಗ ಒಂದು ಸಂಗತಿ ಕಂಡಿತು. ಅಪ್ಪ ತಂಗಿಯ ಕಡೆ ನೋಡುತ್ತಿಲ್ಲ. ಮೊದಲಿನಿಂದ ಅವನ ಕಣ್ಣು ನೇರ ಫೋನಿನ ಕಡೆ ಇದೆ. ಫೋನ್ ಹಿಡಿದವಳು ನಾನು. ನಿಂತದ್ದು ಅವ್ವನ ಜಾಗದಲ್ಲಿ. ತಾಯಿ ಕಡಿ ನೋಡಬೇಕು ಎಂದು ಹೇಳಿದ್ದವನು ತಾಯಿಯ ಜಾಗದಲ್ಲಿ ನಿಂತವಳನ್ನು ನೋಡಿದ. ಮೂವತ್ತು ವರ್ಷದ ಕೆಲಸದ ಅಭ್ಯಾಸ, ಅಷ್ಟೇ ಇರಬಹುದು. ಅವನು ಹಾಗೆ ನೋಡುವಾಗ ನಾನು ಅವನನ್ನು ನೋಡಲಿಲ್ಲ, ಫೋನಿನ ಗಾಜನ್ನು ನೋಡುತ್ತಿದ್ದೆ. ಅಂದು ನೀನು ಫೋನ್ ಹಿಡಿದುಕೊಂಡು ಒಣಗಣ್ಣಿನಲ್ಲಿ ನಿಂತಿದ್ದೆ ಎಂದು ಅತ್ತೆ ಹೇಳುತ್ತಾಳೆ. ನೀನೂ ಅತ್ತಿದ್ದೆ, ಗಾಡಿಯ ಕಿಟಕಿಯಿಂದ ನೋಡಿದೆ ಎಂದು ತಂಗಿ ಹೇಳುತ್ತಾಳೆ. ನನಗೆ ನೆನಪಿರುವುದು ಫೋನ್ ಬಿಸಿಯಾಗಿದ್ದುದು ಮಾತ್ರ.

ಅಪ್ಪ ಇದ್ದಾನೆ. ಹುಮನಾಬಾದಿನಲ್ಲೇ ಇದ್ದಾನೆ, ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಬರಬಹುದು. ನಾಲ್ಕು ಸಲ ಹೋಗಿ, ಆ ವಿಡಿಯೋ ತೋರಿಸದೆ ಬಂದಿದ್ದೇನೆ. ಸ್ವರ ಯಾಕೆ ಒಡೆಯಿತು ಎಂದು ನನಗೆ ಗೊತ್ತಿಲ್ಲ. ಅದನ್ನು ಅವನು ತಂಗಿಗೆ ಊದಿದನೋ, ನನಗೆ ಊದಿದನೋ, ಅದೂ ಗೊತ್ತಿಲ್ಲ.